ಡೀಸೆಲ್ ಟ್ರ್ಯಾಕ್ಟರಿಗೆ ಕಿಡಿ ಎಲ್ಲಿಂದ ತರೋಣ?

ಚಳಿಗಾಲದ ಮುಂಜಾನೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿ ಮುಂದೆ ನಿಂತರೂ ಇಂಥ ಮಾತು ಕಿವಿಗೆ ಬೀಳುತ್ತದೆ: "ಸಾವ್ಕಾರ್ರ, ಟ್ರ್ಯಾಕ್ಟರ್ ಕಿಡಿ ಹಿಡೀವಲ್ದು. ಒಂದ್ ಪ್ಲಗ್ ಕೊಡ್ರಿ. ನಿಂಬಿಹಣ್ಣಿನ ಚೀಲ ತುಂಬಿ ನಿಂತಾವ, ಸವಾಲು ತಪ್ಪತೈತಿ."

ಬಲ್ಲ ಅಂಗಡಿಕಾರ ಪ್ಲಗ್ ಕೊಡುವುದಿಲ್ಲ. ನಮ್ಮ ಕಡೆಯ ಟ್ರ್ಯಾಕ್ಟರುಗಳು ಡೀಸೆಲ್‌ನವು, ಅವಕ್ಕೆ ಕಿಡಿಯೇ ಇಲ್ಲ! ಗಾಳಿಯನ್ನು ಹದಿನಾರು-ಹದಿನೆಂಟು ಪಟ್ಟು ಒತ್ತಿದಾಗ ಹುಟ್ಟುವ ಕಾವಿಗೇ ಎಣ್ಣೆ ಹೊತ್ತುತ್ತದೆ. ಸ್ಟಾರ್ಟರ್ ನಿಧಾನ ತಿರುಗಿದರೆ ಆ ಕಾವು ಏರುವುದಿಲ್ಲ, ಅಷ್ಟೇ.

ಕಿಡಿ ಬೇಕಿದ್ದದ್ದು ಹಳೇ ಪೆಟ್ರೋಲ್ ಟ್ರ್ಯಾಕ್ಟರಿಗೆ. 1946ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾಗತೊಡಗಿದ ಬೂದು ಬಣ್ಣದ ಫರ್ಗ್ಯೂಸನ್ ಅಂಥದ್ದು. ಸ್ಟಾರ್ಟರ್ ತಿರುಗುವಾಗ ಬ್ಯಾಟರಿಯ ಜೀವವೆಲ್ಲ ಅದೇ ಹೀರಿಕೊಂಡು ಕಾಯಿಲ್‌ಗೆ ಕರೆಂಟು ಸಾಲದು, ಕಿಡಿ ಮಂಕು. ಹ್ಯಾಂಡಲ್ ಹೊಡೆದರೆ ಅದೇ ಬ್ಯಾಟರಿಗೆ ಗಟ್ಟಿ ಕಿಡಿ! ಪಾಯಿಂಟ್ ಉಜ್ಜಿ, ಪ್ಲಗ್ ಒರೆಸಿ, ವೈರು ಬಿಗಿ ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಡೀಸೆಲ್ ಗಾಡಿಗೂ ನೋಡಬೇಕಾದ್ದು ಬ್ಯಾಟರಿಯನ್ನೇ. ಟರ್ಮಿನಲ್ ಮೇಲೆ ಬಿಳಿ-ಹಸಿರು ಹಿಟ್ಟು ಕೂತಿದ್ದರೆ ವೈರು ಬಿಚ್ಚಿ, ಅಡಿಗೆ ಸೋಡಾ ಕಲೆಸಿದ ಬಿಸಿನೀರಲ್ಲಿ ತೊಳೆದು, ಒರೆಸಿ, ಬಿಗಿದು, ಮೇಲೆ ವ್ಯಾಸಲೀನ್ ಸವರಬೇಕು. ಸೋಡಾ ನೀರು ಬ್ಯಾಟರಿ ಒಳಗೆ ಹೋಗಬಾರದು. ಅರ್ಥಿಂಗ್ ಪಟ್ಟಿ ಚಾಸಿಗೆ ಕೂಡುವ ಜಾಗದ ತುಕ್ಕನ್ನು ಯಾರೂ ನೋಡುವುದಿಲ್ಲ. ಬಹಳ ಸಲ ಕಳ್ಳ ಅಲ್ಲೇ ಇರುತ್ತಾನೆ. ಹೀಟರ್ ಇದ್ದರೆ ಹದಿನೈದು-ಇಪ್ಪತ್ತು ಸೆಕೆಂಡು ಒತ್ತಿ, ಕ್ಲಚ್ ತುಳಿದು ಸ್ಟಾರ್ಟ್ ಮಾಡಿ. ಗೇರ್‌ಬಾಕ್ಸಿನ ದಪ್ಪ ಎಣ್ಣೆಯ ಭಾರ ಎಂಜಿನ್‌ಗೆ ತಪ್ಪುತ್ತದೆ.

ಒಂದು ಕೆಲಸ ಮಾತ್ರ ಬೇಡ. ಕೀಲಿ ಕೈಕೊಟ್ಟಾಗ ಕೆಳಗೆ ನಿಂತು ಸ್ಟಾರ್ಟರ್‌ಗೆ ಸ್ಕ್ರೂಡ್ರೈವರ್ ಅಡ್ಡ ಇಡುವ ಚಾಳಿ. ಗಾಡಿ ಗೇರಿನಲ್ಲಿದ್ದರೆ ಅದು ಸ್ಟಾರ್ಟ್ ಆಗಿ ಮುಂದಕ್ಕೆ ಜಿಗಿಯುತ್ತದೆ, ನಿಂತವನು ಹಿಂದಿನ ಗಾಲಿಗೆ ಸಿಗುತ್ತಾನೆ. ಹೀಗೆ ಸತ್ತವರು ದೇಶವಿದೇಶಗಳಲ್ಲಿ ಇದ್ದಾರೆ. ಆ ಹಳೇ ಫರ್ಗ್ಯೂಸನ್ ಕಟ್ಟಿದವರಿಗೆ ಇದು ಆಗಲೇ ಗೊತ್ತಿತ್ತು ಎಂದು ಕಾಣುತ್ತದೆ: ಅದರಲ್ಲಿ ಸ್ಟಾರ್ಟ್ ಮಾಡುವ ಸ್ವಿಚ್ಚು ಗೇರ್ ಕಡ್ಡಿಯೇ, ಕಡ್ಡಿ ಆ ಜಾಗಕ್ಕೆ ಬಂದಾಗ ಗಾಡಿ ಗೇರಿನಲ್ಲಿ ಇರಲಾರದು.