ತಾಯಿಕೋಳಿಯ ಹಸಿವು, ಮರಿಯ ತೂಕ

ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಭಾನುವಾರ ಬೆಳಿಗ್ಗೆ ಅಂಗಡಿಯ ತಕ್ಕಡಿ ಏರುವ ಬ್ರಾಯ್ಲರ್ ಕೋಳಿಗೆ ಹೆಚ್ಚೆಂದರೆ ಆರು ವಾರ ವಯಸ್ಸು, ತೂಕ ಎರಡು ಕೆಜಿಯ ಆಸುಪಾಸು. ಅದರ ತಾಯಿ ಅದೇ ತೂಕಕ್ಕೆ ಬರಲು ಸುಮಾರು 20 ವಾರ ಬೇಕಾಗಿರುತ್ತದೆ. ತಾಯಿಗೆ ಬೆಳೆಯುವ ಶಕ್ತಿ ಇಲ್ಲವೆಂದಲ್ಲ, ಅದನ್ನು ಬೆಳೆಯಲು ಬಿಟ್ಟಿರುವುದಿಲ್ಲ. ಹೊಟ್ಟೆತುಂಬ ತಿಂದರೆ ಈ ತಳಿಯ ಹೇಂಟೆ ಕೊಬ್ಬುತ್ತದೆ, ಅಂಡಾಶಯದಲ್ಲಿ ಒಟ್ಟೊಟ್ಟಿಗೆ ಹಲವು ಭಂಡಾರಗಳು (ಮೊಟ್ಟೆಯ ಹಳದಿ ಭಾಗ) ಬಲಿಯುತ್ತವೆ, ಎರಡು ಭಂಡಾರದ ಮೊಟ್ಟೆಗಳೂ ತೆಳು ಚಿಪ್ಪಿನ ಮೊಟ್ಟೆಗಳೂ ಹೆಚ್ಚುತ್ತವೆ, ಕಾವಿಗಿಡಬಹುದಾದ ಮೊಟ್ಟೆ ಕಡಿಮೆಯಾಗುತ್ತದೆ. ಆದ್ದರಿಂದ ಮರಿಗಾಗಿ ಸಾಕುವ ಹೇಂಟೆಗಳಿಗೆ ಎಳವೆಯಿಂದಲೇ ಫೀಡನ್ನು ಅಳೆದು ಹಾಕುತ್ತಾರೆ. ಕೆಲವು ಕಡೆ ದಿನ ಬಿಟ್ಟು ದಿನ ಹಾಕುವುದೂ ಉಂಟು. ಈ ಕಟ್ಟುಪಾಡಿಗೆ ಕಾರಣವಿದೆ, ಒಪ್ಪೋಣ. ಆದರೆ ಅದು ಅತಿಯಾದಾಗ ನಷ್ಟ ತಾಯಿಯ ಶೆಡ್ಡಿನಲ್ಲೇ ಉಳಿಯುವುದಿಲ್ಲ, ಮೊಟ್ಟೆಯ ಮೂಲಕ ಮರಿಗೂ ದಾಟುತ್ತದೆ.

ಇದು ಹೊಸ ಪ್ರಶ್ನೆಯಾಗಿರುವುದಕ್ಕೆ ತಳಿಯ ಓಟವೇ ಕಾರಣ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಮಾರ್ಟಿನ್ ಜೈಡ್‌ಹಾಫ್ ಮತ್ತು ಸಂಗಡಿಗರು 1957, 1978 ಮತ್ತು 2005ರ ತಳಿಗಳನ್ನು ಒಂದೇ ಆಹಾರದಲ್ಲಿ ಸಾಕಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. 56 ದಿನಕ್ಕೆ ಅವು ಕ್ರಮವಾಗಿ 905, 1,808 ಮತ್ತು 4,202 ಗ್ರಾಂ ತೂಗಿದ್ದವು. ಮರಿಯ ಬೆಳೆಯುವ ಶಕ್ತಿ ಹೀಗೆ ನಾಲ್ಕು ಪಟ್ಟು ಮೀರಿ ಏರಿದರೂ ತಾಯಿಕೋಳಿಗೆ ಗೊತ್ತುಮಾಡಿದ ತೂಕ ಆ ವೇಗದಲ್ಲಿ ಏರಲಿಲ್ಲ. ಅಂದರೆ ತಾಯಿಯ ಸಹಜ ಹಸಿವಿಗೂ ಅದಕ್ಕೆ ಸಿಗುವ ಫೀಡಿಗೂ ನಡುವಿನ ಕಂದಕ ವರ್ಷದಿಂದ ವರ್ಷಕ್ಕೆ ಅಗಲವಾಗಿದೆ. ಮೈಯಲ್ಲಿ ಕೊಬ್ಬಿನ ದಾಸ್ತಾನೇ ಇಲ್ಲದ ಹೇಂಟೆ ಮೊಟ್ಟೆಗೆ ಬರುವುದೇ ತಡ, ಕೆಲವು ಬರುವುದೇ ಇಲ್ಲ.

ತಾಯಿಯ ತೂಕ ಮರಿಗೆ ತಲುಪುವ ಮುಖ್ಯ ದಾರಿ ಮೊಟ್ಟೆಯ ಗಾತ್ರ. ಒಂದೇ ವಯಸ್ಸಿನ ಹೇಂಟೆಗಳಲ್ಲಿ ತೂಕದ್ದು ಸಾಮಾನ್ಯವಾಗಿ ದೊಡ್ಡ ಮೊಟ್ಟೆ ಇಡುತ್ತದೆ. ಹೊರಬಂದ ಮರಿ ಮೊಟ್ಟೆಯ ತೂಕದ ಸುಮಾರು ಮೂರರಲ್ಲಿ ಎರಡು ಪಾಲು ತೂಗುತ್ತದೆ. 50 ಗ್ರಾಂ ಮೊಟ್ಟೆಯ ಮರಿ 33 ಗ್ರಾಂ ಇದ್ದರೆ 65 ಗ್ರಾಂ ಮೊಟ್ಟೆಯದು 43. ಗಾತ್ರದ ಜೊತೆಗೆ ಒಳಗಿನ ಸರಕೂ ಮುಖ್ಯ. 21 ದಿನ ಕಾವಿನಲ್ಲಿರುವ ಭ್ರೂಣಕ್ಕೆ ಭಂಡಾರದ ಕೊಬ್ಬು, ವಿಟಮಿನ್, ರೋಗ ತಡೆಯುವ ಪ್ರತಿಕಾಯಗಳೆಲ್ಲ ತಾಯಿಯ ಮೈಯಿಂದಲೇ ಬರಬೇಕು. ಉಳಿದ ಭಂಡಾರ ಮರಿಯ ಹೊಟ್ಟೆಯೊಳಗೆ ಸೇರಿ ಮೊದಲ ದಿನಗಳ ಬುತ್ತಿಯಾಗುತ್ತದೆ. ಹಸಿದ ತಾಯಿಯ ರಕ್ತದಲ್ಲಿ ಒತ್ತಡದ ಹಾರ್ಮೋನು ಏರಬಹುದು, ಅದು ಮೊಟ್ಟೆಗೂ ಇಳಿಯಬಲ್ಲದು. ಫೀಡಿನ ಹಿಡಿತವನ್ನು ಹದವಾಗಿ ಸಡಿಲಿಸಿ ತಾಯಿಕೋಳಿಗಳನ್ನು ತೂಕಕ್ಕೆ ತಂದ ಪ್ರಯೋಗಗಳಲ್ಲಿ ಅವುಗಳ ಮರಿಗಳು ಹೆಚ್ಚು ತೂಗಿದ್ದೂ ಉಂಟು. ಗಂಡು ಮರಿಗೂ ಹೆಣ್ಣು ಮರಿಗೂ, ತಾಯಿಯ ವಯಸ್ಸಿಗೂ ತಕ್ಕಂತೆ ಈ ಲಾಭ ಹೆಚ್ಚು ಕಡಿಮೆಯಾಗುತ್ತದೆ ಎಂಬುದನ್ನೂ ಹೇಳಬೇಕು.

ಎಲ್ಲವೂ ತಳಿಯ ಗುಣ, ತಾಯಿಯ ಮೈಗೆ ಇಷ್ಟು ಮಹತ್ವ ಏಕೆ ಎಂದು ಕೇಳುವವರಿದ್ದಾರೆ. ತಳಿ ಬದಲಾಗದೆಯೂ ಮರಿ ಬದಲಾಗುವುದನ್ನು ಪ್ರತಿ ಹ್ಯಾಚರಿಯೂ ಕಂಡಿದೆ. ಅದೇ ಹೇಂಟೆ 25 ವಾರದಲ್ಲಿ ಇಟ್ಟ ಸಣ್ಣ ಮೊಟ್ಟೆಯ ಮರಿ ಮೊದಲ ವಾರ ಹೆಚ್ಚು ಸೊರಗುತ್ತದೆ, 45 ವಾರದಲ್ಲಿ ಇಟ್ಟದ್ದರ ಮರಿ ಗಟ್ಟಿ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ತೂಕದ ಹೇಂಟೆ ಮೊಟ್ಟೆ ಕಡಿಮೆ ಇಡುತ್ತದಲ್ಲ? ಇದಕ್ಕೆ ಸಾಕ್ಷಿ ಬೆಂಗಳೂರಿನಲ್ಲೇ ಇದೆ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ದೊಡ್ಡ ಮೈಯ ಕೋಳಿ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ 2005ರಲ್ಲಿ ಬಿಡುಗಡೆ ಮಾಡಿದ ಸ್ವರ್ಣಧಾರ ಅದಕ್ಕಿಂತ ಹಗುರ, ವರ್ಷಕ್ಕೆ 15-20 ಮೊಟ್ಟೆ ಹೆಚ್ಚು. ಆದರೂ ಸ್ವರ್ಣಧಾರದ ಹೇಂಟೆ ಸುಮಾರು 3 ಕೆಜಿ ತೂಗುತ್ತದೆ. ಅದು ಸಣಕಲು ಕೋಳಿಯಲ್ಲ. ಹಗುರವಾಗಿ ಬೆಳೆಯುವ ತಳಿಯನ್ನು ಆರಿಸುವುದು ಬೇರೆ, ಭಾರಕ್ಕೆಂದೇ ಹುಟ್ಟಿದ ತಳಿಯನ್ನು ಹಸಿವಿನಲ್ಲಿಟ್ಟು ಹಗುರ ಮಾಡುವುದು ಬೇರೆ. ನಾನು ಕೇಳುತ್ತಿರುವುದು ತಾಯಿಗೆ ಬೇಕಾದಷ್ಟು ತಿನ್ನಲು ಬಿಡಿ ಎಂದಲ್ಲ. ಹಳೆಯ ತೂಕದ ಪಟ್ಟಿಯನ್ನು ಇಂದಿನ ತಳಿಗೆ ತಕ್ಕಂತೆ ತಿದ್ದಿ, ಹಿಂಡಿನ ಸರಾಸರಿ ನೋಡಿ ಸುಮ್ಮನಾಗದೆ ಹಿಂದೆ ಬಿದ್ದ ಹೇಂಟೆಗಳನ್ನು ಬೇರೆ ಮಾಡಿ ಸಾಕಿ ಎಂದಷ್ಟೇ.

ಈ ಲೆಕ್ಕ ಕೊನೆಗೆ ಮುಟ್ಟುವುದು ಸಾಕುವ ರೈತನನ್ನು. ಗುತ್ತಿಗೆ ಪದ್ಧತಿಯಲ್ಲಿ ಮರಿಯೂ ಫೀಡೂ ಕಂಪನಿಯದು. ಶೆಡ್ಡು, ಕರೆಂಟು, ದುಡಿಮೆ ರೈತನದು, ಅವನಿಗೆ ಸಿಗುವುದು ಬೆಳೆದ ಕೆಜಿಯ ಮೇಲಿನ ಸಾಕಾಣಿಕೆ ಕೂಲಿ. ತಾಯಿಯ ಹೊಟ್ಟೆಯಲ್ಲೇ ಬಡವಾದ ಮರಿ ಬಂದರೆ ಶೆಡ್ಡಿನಲ್ಲಿ ಎಷ್ಟು ಮೈಮುರಿದರೂ ಆ ಕೊರತೆ ಪೂರ್ತಿ ತುಂಬುವುದು ಕಷ್ಟ, ಕಡಿತ ಮಾತ್ರ ಅವನ ಕೂಲಿಯಲ್ಲಿ. ಆದ್ದರಿಂದ ಮರಿಯ ಡಬ್ಬಿಯ ಜೊತೆ ತಾಯಿ ಹಿಂಡಿನ ವಯಸ್ಸು ಎಷ್ಟು ವಾರ, ಸರಾಸರಿ ತೂಕ ಎಷ್ಟು ಎಂಬ ಒಂದು ಚೀಟಿ ಬರಲಿ. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲೋ ಮಾಗಡಿ ಕಡೆಯಲ್ಲೋ ಕೋಳಿ ಶೆಡ್ಡು ಹಾಕಿರುವವರು ಮುಂದಿನ ಬ್ಯಾಚಿನ ಮರಿ ಇಳಿಸಿಕೊಳ್ಳುವಾಗ ಈ ಎರಡು ಸಂಖ್ಯೆಗಳನ್ನು ಕೇಳಿ ಬರೆದಿಟ್ಟುಕೊಳ್ಳಿ.