ತೂಕ ಇಳಿಸೋ ಸೂಜಿ ಬಂತು, ಹೇಳಿಕೊಡೋರು ಯಾರು?

ಡಾಕ್ಟರ ಎದುರು 'ಹೂಂ ಸಾರ್, ಹೂಂ ಸಾರ್' ಎಂದು ತಲೆಯಾಡಿಸಿ ಬಂದ ರೋಗಿ ಬಾಗಿಲ ಬಳಿ ನಿಂತು ಮೆಲ್ಲಗೆ ಕೇಳುತ್ತಾನೆ: 'ಸಿಸ್ಟರ್, ಡಾಕ್ಟರು ಏನಂದ್ರು?'

ಯಾವ ಕ್ಲಿನಿಕ್ಕಿಗೆ ಹೋದರೂ ಇದೇ ಮಾತು. ಜ್ವರದ ಮಾತ್ರೆಯಾದರೆ 'ಬೆಳಿಗ್ಗೆ ಒಂದು, ರಾತ್ರಿ ಒಂದು' ಅಂದರೆ ಸಾಕು. ತೂಕ ಇಳಿಸುವ ಚುಚ್ಚುಮದ್ದಿಗೆ ಅಷ್ಟು ಸಾಲದು.

ಭಾರತದ ಪೇಟೆಗೆ ಮೌಂಜಾರೋ ಬಂದದ್ದು 2025ರ ಮಾರ್ಚಿನಲ್ಲಿ, ವೆಗೋವಿ ಅದೇ ಜೂನಿನಲ್ಲಿ. ವಾರಕ್ಕೊಂದು ಸೂಜಿ. ಹಸಿವು ತಗ್ಗುತ್ತೆ, ಉಂಡದ್ದು ನಿಧಾನವಾಗಿ ಕರಗುತ್ತೆ. ವೆಗೋವಿ 0.25 ಮಿಲಿಗ್ರಾಂನಿಂದ ಶುರುವಾಗಿ, ನಾಲ್ಕು ವಾರಕ್ಕೊಮ್ಮೆ ಮೆಟ್ಟಿಲು ಹತ್ತಿದಂತೆ 2.4ರವರೆಗೆ ಏರಬೇಕು. ಮಗಳ ಮದುವೆ ಹತ್ತಿರ ಬಂತೆಂದು ಎರಡು ಮೆಟ್ಟಿಲು ಒಟ್ಟಿಗೆ ಹಾರಿದರೆ ವಾಂತಿ ಹಿಡಿದು ಮಲಗಬೇಕಾದೀತು!

ಡಾಕ್ಟರಿಗೆ ಇದೆಲ್ಲ ಗೊತ್ತು. ಹೇಳೋಕೆ ಪುರುಸೊತ್ತೆಲ್ಲಿ? ಹೊರಗೆ ಕ್ಯೂ ಬೆಳೆದಿರುತ್ತೆ. ಹಾಗಾಗಿ ಹೇಳುವ ಕೆಲಸ ಸಿಸ್ಟರ್, ಕಾಂಪೌಂಡರ್ ತಲೆಗೆ ಬರುತ್ತೆ. ಅವರಿಗೇ ಯಾರೂ ಕಲಿಸದಿದ್ದರೆ?

ಈ ತರಬೇತಿ ಭಾಷಣ ಕೇಳಿ ಚಹಾ ಕುಡಿದು ಬರುವಂಥದ್ದಲ್ಲ. ಸೂಜಿ ಪೆನ್ನು ಕೈಯಲ್ಲಿ ಹಿಡಿದು ಕಲಿಯಬೇಕು. ರೋಗಿಯನ್ನು 'ಅರ್ಥವಾಯ್ತಾ?' ಎಂದು ಕೇಳಲೇಬಾರದು. ಕೇಳಿದರೆ ಎಲ್ಲರೂ 'ಹೂಂ' ಅಂತಾರೆ. 'ಮನೇಲಿ ಹೆಂಗಸರಿಗೆ ಹೇಗೆ ಹೇಳ್ತೀರಿ, ನನಗೊಮ್ಮೆ ಹೇಳಿ ನೋಡೋಣ' ಎನ್ನಬೇಕು. ಇದಕ್ಕೆ ವೈದ್ಯರ ಭಾಷೆಯಲ್ಲಿ ಟೀಚ್-ಬ್ಯಾಕ್ ಎನ್ನುತ್ತಾರೆ. ಹಾಗೆ ಕೇಳಿದಾಗಲೇ ಗೊತ್ತಾಗುವುದು, 'ಫ್ರಿಜ್ಜಲ್ಲಿಡಿ' ಅಂದದ್ದನ್ನು ಆಸಾಮಿ ಐಸ್ ಕಟ್ಟುವ ಖಾನೆ ಎಂದು ತಿಳಿದಿದ್ದಾನೆ ಅಂತ. ಇಡಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ಹೆಪ್ಪುಗಟ್ಟಿದರೆ ಸಾವಿರಾರು ರೂಪಾಯಿ ಮದ್ದು ತಿಪ್ಪೆಗೆ.

ದುಡ್ಡು ಹೋದರೆ ಹೋಯ್ತು ಅನ್ನಬಹುದು. ಜೀವದ ಮಾತು ಬೇರೆ. ರಾತ್ರಿ ಫೋನು ಬರುತ್ತೆ: 'ಸಿಸ್ಟರ್, ಹೊಟ್ಟೆನೋವು ತಡಿಯಕ್ಕಾಗ್ತಿಲ್ಲ, ಬೆನ್ನಿಗೂ ಎಳೀತಿದೆ.' 'ಗ್ಯಾಸು ಕಣ್ರೀ, ಸೋಡಾ ಕುಡೀರಿ' ಎಂದು ಇಟ್ಟುಬಿಟ್ಟರೆ? ಅದು ಮೇದೋಜೀರಕ ಗ್ರಂಥಿಯ ಊತವಿರಬಹುದು. ಮದ್ದು ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಬನ್ನಿ ಎನ್ನಬೇಕು. ಇನ್ಸುಲಿನ್ ತಗೊಳ್ಳೋರಿಗೆ ಬೆವರು, ಕೈ ನಡುಕ ಬಂದರೆ ಸಕ್ಕರೆ ಇಳಿದಿರಬಹುದೆಂದೂ ಮೊದಲೇ ತಿಳಿಸಿರಬೇಕು. ಬಸುರಿಗೆ ಈ ಮದ್ದು ಸಲ್ಲದು. ಆದರೂ 'ಮಗು ಯೋಚನೆ ಇದೆಯೇನಮ್ಮ?' ಎಂದು ಕೇಳಲು ಕೌಂಟರಿನಲ್ಲಿ ನಾಲ್ಕು ಜನರೆದುರು ಸಂಕೋಚ. ಅದಕ್ಕೊಂದು ಮೂಲೆ, ಒಂದು ಪರದೆಯಾದರೂ ಬೇಡವೇ?

ಇನ್ನೊಂದು ಮಾತನ್ನು ಹೇಳಲು ಎಲ್ಲರೂ ಹಿಂಜರಿಯುತ್ತಾರೆ. ಸೂಜಿ ಬಿಟ್ಟರೆ ಏನಾಗುತ್ತೆ? 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ನಿಲ್ಲಿಸಿದವರಿಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಒಂದೇ ವರ್ಷದಲ್ಲಿ ಮರಳಿ ಬಂತು. ತಿಂಗಳ ಲೆಕ್ಕ ಹಾಕಿ ಬದುಕುವ ಅಂಗಡಿಯವನು ಇದನ್ನು ಮೊದಲ ಸೂಜಿ ಕೊಳ್ಳುವ ಮುಂಚೆಯೇ ಕೇಳಿಸಿಕೊಂಡಿರಬೇಕು.