ಮಳೆಯ ಲೆಕ್ಕ ಕ್ಲೌಡ್‌ನಲ್ಲಿ: ಮಕ್ಕಳೊಂದಿಗೆ ಕಟ್ಟಿದ ಒಂದು ಆ್ಯಪ್

ನಿಮ್ಮ ಶಾಲೆಯಲ್ಲಿ ಮಳೆಮಾಪಕ ಉಂಟಾ? ಇದ್ದರೆ ಅದರ ಲೆಕ್ಕದ ಪುಸ್ತಕ ಈಗ ಎಲ್ಲಿದೆ ಎಂದು ಒಮ್ಮೆ ಹುಡುಕಿ ನೋಡಿ. ನಮ್ಮದು ಕಾಸರಗೋಡಿನ ಒಳನಾಡಿನ ಒಂದು ಕನ್ನಡ ಮಾಧ್ಯಮ ಶಾಲೆ. ಪಕ್ಕದಲ್ಲೇ ಮನೆಯಿರುವ ಇಬ್ಬರು ಮಕ್ಕಳು ದಿನಾ ಬೆಳಿಗ್ಗೆ 8:30ಕ್ಕೆ, ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಮಳೆ ಅಳೆದು ಬರೆದಿಡುತ್ತಿದ್ದರು. ಒಂದು ಜುಲೈಯಲ್ಲಿ ಮಾಡು ಸೋರಿ ಪುಸ್ತಕವೇ ನೆನೆದುಹೋಯಿತು. ಮಳೆಯ ಲೆಕ್ಕವನ್ನು ಮಳೆಯೇ ತಿಂದಿತು! “ಸರ್, ಮೊಬೈಲಲ್ಲಿ ಬರೆದ್ರೆ ಆಗುದಿಲ್ವಾ?” ಎಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಅಲ್ಲಿಂದ ಶುರು.

ಆ್ಯಪ್ ಎಂದರೆ ಪರದೆ ಮಾತ್ರ ಅಲ್ಲ. ಬರೆದದ್ದನ್ನು ಎಲ್ಲೋ ಇಡಬೇಕು, ಬರೆದವರು ಯಾರೆಂದು ಗುರುತಿಸಬೇಕು, ಹಗಲು ರಾತ್ರಿ ನಡೆಯುತ್ತಿರಬೇಕು. ಹಿಂದೆ ಇದಕ್ಕೆ ಸ್ವಂತ ಸರ್ವರ್ ಬೇಕಿತ್ತು. 2006ರಲ್ಲಿ ಅಮೆಜಾನ್ ಕಡತ ಇಡುವ ಜಾಗವನ್ನೂ ಕಂಪ್ಯೂಟರನ್ನೂ ಬಾಡಿಗೆಗೆ ಕೊಡಲು ಆರಂಭಿಸಿತು. ಮುಂದೆ ದತ್ತಾಂಶ, ಲಾಗಿನ್ ಎಲ್ಲವನ್ನೂ ನೋಡಿಕೊಳ್ಳುವ ಸೇವೆಗಳು ಬಂದವು. ನಾವು ಬಳಸಿದ್ದು 2014ರಲ್ಲಿ ಗೂಗಲ್ ಕೊಂಡುಕೊಂಡ ಫೈರ್‌ಬೇಸ್. ಅದರೊಳಗಿನ ಫೈರ್‌ಸ್ಟೋರ್ ನಮ್ಮ ಹೊಸ ಲೆಕ್ಕದ ಪುಸ್ತಕ. ವಾರ್ಷಿಕೋತ್ಸವಕ್ಕೆ ಸಭಾಂಗಣ ಬಾಡಿಗೆಗೆ ಹಿಡಿದ ಹಾಗೆ: ಕುರ್ಚಿ, ಮೈಕ್, ದೀಪ ಅವರದು, ಕಾರ್ಯಕ್ರಮ ನಮ್ಮದು.

ಇನ್ನು ಎಪಿಐ. ಎಇಒ ಕಚೇರಿಯ ದಾಖಲೆ ಕೋಣೆಗೆ ನಾವು ನುಗ್ಗುವುದಿಲ್ಲ, ಅಲ್ವಾ? ನಿಗದಿತ ನಮೂನೆಯಲ್ಲಿ ಅರ್ಜಿ ಕೊಡುತ್ತೇವೆ, ನಿಗದಿತ ನಮೂನೆಯಲ್ಲೇ ಉತ್ತರ ಬರುತ್ತದೆ. ಎರಡು ಪ್ರೋಗ್ರಾಮುಗಳ ನಡುವಿನ ಇಂಥ ಒಪ್ಪಂದವೇ ಎಪಿಐ. ಓಪನ್-ಮೀಟಿಯೊ ಎಂಬ ಸೇವೆಗೆ ಅಕ್ಷಾಂಶ 12.5, ರೇಖಾಂಶ 75 ಎಂದು ಕೊಟ್ಟು ದಿನದ ಮಳೆ ಕೇಳಿದರೆ, ಜೇಸನ್ ಎಂಬ ಸರಳ ಪಠ್ಯರೂಪದಲ್ಲಿ ಮಿಲಿಮೀಟರ್ ಲೆಕ್ಕ ಬರುತ್ತದೆ. ವಾಣಿಜ್ಯೇತರ ಬಳಕೆಗೆ ಖಾತೆಯೂ ಬೇಡ, ಹಣವೂ ಬೇಡ.

ಒಂದು ದಿನ ನಮ್ಮ ಮಾಪಕದಲ್ಲಿ 62 ಮಿ.ಮೀ., ಎಪಿಐ ಉತ್ತರದಲ್ಲಿ 38. “ಯಾವುದು ಸುಳ್ಳು ಸರ್?” ಎಂದರು ಮಕ್ಕಳು. ಸುಳ್ಳು ಯಾವುದೂ ಅಲ್ಲ. ಎಪಿಐ ಕೊಟ್ಟದ್ದು ಹಲವು ಕಿಲೋಮೀಟರ್ ಅಗಲದ ಚೌಕಕ್ಕೆ ಗಣಿತ ಮಾದರಿ ಹಾಕಿದ ಅಂದಾಜು. ನಮ್ಮದು ಒಂದು ಅಂಗಳದ ಅಳತೆ. ಅದರ ದಿನ ಮಧ್ಯರಾತ್ರಿಗೆ ಮುಗಿಯುತ್ತದೆ, ನಮ್ಮದು ಬೆಳಿಗ್ಗೆ 8:30ಕ್ಕೆ. ಅಳತೆಗೂ ಅಂದಾಜಿಗೂ ಇರುವ ವ್ಯತ್ಯಾಸವನ್ನು ಅಷ್ಟು ಚೆನ್ನಾಗಿ ನಾನು ಬೇರೆ ಯಾವ ಪಾಠದಲ್ಲೂ ಕಲಿಸಿಲ್ಲ.

ಕನ್ನಡವೂ ಒಂದು ಪಾಠ ಕಲಿಸಿತು. ಹುಡುಗನೊಬ್ಬ ಅಭಿಮಾನದಿಂದ ‘೬೨’ ಎಂದು ಬರೆದ. ತಿಂಗಳ ಮೊತ್ತವೇ ಕೆಟ್ಟುಹೋಯಿತು! ಜಾವಾಸ್ಕ್ರಿಪ್ಟ್‌ಗೆ ಕನ್ನಡ ಅಂಕಿ ಅಕ್ಷರವೇ ಹೊರತು ಸಂಖ್ಯೆಯಲ್ಲ. ಹಾಗೆಂದು ಅವನನ್ನು ಗದರಲಿಲ್ಲ. ‘೦’ಯಿಂದ ‘೯’ರವರೆಗಿನ ಅಂಕಿಗಳನ್ನು ಬದಲಿಸಿಕೊಳ್ಳುವ ನಾಲ್ಕು ಸಾಲು ಸೇರಿಸಿದೆವು. ನಮ್ಮ ಮಕ್ಕಳ ಭಾಷೆಗೆ ಆ್ಯಪ್ ಹೊಂದಿಕೊಳ್ಳಬೇಕು. ನಾವೇ ಕಟ್ಟಿದರೆ ಅದು ಸಾಧ್ಯ.

ಗುಡ್ಡದ ಮೇಲೆ ನೆಟ್‌ವರ್ಕ್ ಇಲ್ಲದ ದಿನಗಳೂ ಉಂಟು. ಫೈರ್‌ಸ್ಟೋರ್ ಬರೆದದ್ದನ್ನು ಫೋನಿನಲ್ಲೇ ಹಿಡಿದಿಟ್ಟು, ಸಿಗ್ನಲ್ ಬಂದಾಗ ಕಳಿಸುತ್ತದೆ. ನಮ್ಮ ಹಾಗೆ ವೆಬ್ ಪುಟವಾಗಿ ಮಾಡಿದರೆ ಆ ಸೌಲಭ್ಯವನ್ನು ನಾವೇ ಚಾಲೂ ಮಾಡಬೇಕು.

ಈಗ ಖರ್ಚಿನ ಲೆಕ್ಕ. ಉಚಿತ ಯೋಜನೆಯಲ್ಲಿ ದಿನಕ್ಕೆ 50,000 ಓದು, 20,000 ಬರಹ. ಬೇಕಾದಷ್ಟಾಯಿತು ಅನ್ನಿಸುತ್ತದೆ. ಆದರೆ ಒಂದು ದಿನದ ಮಳೆ ಒಂದು ದಾಖಲೆಯಾದರೆ, ವರ್ಷದ ನಕ್ಷೆ ತೆರೆಯುವ ಪ್ರತಿ ಮಗುವಿಗೂ 365 ಓದು. 40 ಮಕ್ಕಳಿಗೆ 14,600. ಐದು ಶಾಲೆ ಸೇರಿದರೆ 73,000! ಮಿತಿ ದಾಟಿತು. ಅದಕ್ಕೆ ತಿಂಗಳಿಗೊಂದು ಸಾರಾಂಶ ದಾಖಲೆ ಮಾಡಿದೆವು. ಈಗ 12 × 40 × 5, ಅಂದರೆ 2,400 ಮಾತ್ರ. ಗಣಿತ ಟೀಚರಿಗೆ ಒಂದು ಒಳ್ಳೆಯ ಪೀರಿಯಡ್ ಇದರಲ್ಲೇ ಸಿಕ್ಕಿತು.

ಇನ್ನು ನನ್ನ ತಪ್ಪನ್ನು ಹೇಳಲೇಬೇಕು. ಶುರುವಿಗೆ ‘ಟೆಸ್ಟ್ ಮೋಡ್’ ಆರಿಸಿದ್ದೆ. ಅದರಲ್ಲಿ 30 ದಿನ ಯಾರು ಬೇಕಾದರೂ ಓದಬಹುದು, ಬರೆಯಬಹುದು. ನಾನೋ, ಅಳೆದವರ ಹೆಸರು, ತರಗತಿ, ಮನೆಯವರ ಫೋನ್ ನಂಬರ್ ಎಲ್ಲವನ್ನೂ ಸೇರಿಸಿಬಿಟ್ಟಿದ್ದೆ. ನಮ್ಮಲ್ಲೇ ಕಲಿತ ಹಳೆಯ ವಿದ್ಯಾರ್ಥಿಯೊಬ್ಬ ಬಂದವನು, ಪಾಸ್‌ವರ್ಡ್ ಇಲ್ಲದೆ ಆ ಪಟ್ಟಿಯನ್ನು ತನ್ನ ಫೋನಿನಲ್ಲಿ ತೆರೆದು ತೋರಿಸಿದ. “ಸರ್, ಇದು ನನಗೆ ಕಂಡ್ರೆ ಎಲ್ಲರಿಗೂ ಕಾಣ್ತದೆ” ಎಂದ. ನಂಬಿ ಕೊಟ್ಟ ತಾಯಂದಿರ ನಂಬರುಗಳು ಅವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಮನೆಮನೆಗೆ ಫೋನ್ ಮಾಡಿ ಆದದ್ದನ್ನು ಹೇಳಿದೆ.

ಸಭಾಂಗಣ ಎಷ್ಟೇ ಗಟ್ಟಿಯಿರಲಿ, ಬಾಗಿಲಿಗೆ ಬೀಗ ಹಾಕುವುದು ನಮ್ಮ ಕೆಲಸ. ಫೈರ್‌ಬೇಸ್‌ನ ವೆಬ್ ಕೀ ಪುಟದ ಮೂಲದಲ್ಲಿ ಎಲ್ಲರಿಗೂ ಕಾಣುತ್ತದೆ. ಅದು ವಿಳಾಸ ಮಾತ್ರ. ನಿಜವಾದ ಬೀಗ ‘ಸೆಕ್ಯುರಿಟಿ ರೂಲ್ಸ್’. ಹಣ ಕೊಟ್ಟು ಪಡೆಯುವ ಎಪಿಐಗಳ ಗುಟ್ಟಿನ ಕೀಯನ್ನಂತೂ ಪುಟದಲ್ಲಿ ಇಡಲೇಬಾರದು. ಈಗ ನಮ್ಮಲ್ಲಿ ಲಾಗಿನ್ ಆದ ಅಧ್ಯಾಪಕರು ತಮ್ಮ ಶಾಲೆಯ ಸಾಲಿಗೆ ಮಾತ್ರ ಬರೆಯಬಹುದು. ಮಗುವಿನ ಹೆಸರೂ ಇಲ್ಲ, ನಂಬರೂ ಇಲ್ಲ. ಮಳೆ ಅಳೆಯಲು ಅವು ಯಾಕೆ ಬೇಕಿತ್ತು ಎಂದು ಮೊದಲೇ ಕೇಳಿಕೊಳ್ಳಬೇಕಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕು.

ನೀವು ಎಲ್ಲಿಂದ ಶುರು ಮಾಡಬಹುದು? ಆ್ಯಪ್ ಆಮೇಲೆ ಇರಲಿ. ಒಂದು ಪೀರಿಯಡಿನಲ್ಲಿ ನಿಮ್ಮ ಶಾಲೆಯ ಅಕ್ಷಾಂಶ, ರೇಖಾಂಶ ಹಾಕಿ ಎಪಿಐ ಉತ್ತರವನ್ನು ಬ್ರೌಸರಿನಲ್ಲೇ ಮಕ್ಕಳಿಗೆ ತೋರಿಸಿ. ಮರುದಿನ ಮಾಪಕ ನೋಡಿ ಹೋಲಿಸಿ. ತಾಳವಾಡಿಯ ಮಳೆ, ಜತ್ತದ ಮಳೆ, ನಮ್ಮ ಕಾಸರಗೋಡಿನ ಮಳೆ ಒಂದೇ ಪುಟದಲ್ಲಿ, ಕನ್ನಡದಲ್ಲಿ ಕಾಣುವಂತಾದರೆ ಚೆಂದ. ಆದರೆ ಮೊದಲ ಸಾಲು ಬರೆಯುವ ಮುಂಚೆಯೇ ಬೀಗ ಹಾಕಿ.